ಕಣ್ಣು ಕತ್ತಲೆ ಕಟ್ಟಿದಾಗ: ಆಕಸ್ಮಿಕ ಮೂರ್ಛೆ, ಅದರ ಕಾರಣ ಮತ್ತು ಉಪಚಾರ

ಬೆಳಗಿನ ಹೊತ್ತು. ಬೋರಿವಿಲಿಯಿಂದ ಚರ್ಚ್‌ಗೇಟಿನತ್ತ ಧಾವಿಸುವ ವೇಗದ ಲೋಕಲ್ ಗಾಡಿ ಅಂಧೇರಿಯನ್ನು ಬಿಟ್ಟಿದೆ. ಎರಡನೆಯ ದರ್ಜೆಯ ಡಬ್ಬಿಯಲ್ಲಿ ಕಾಲೂರಲೂ ಸ್ಥಳವಿಲ್ಲ. ಮೇಲಿನ ಹಿಡಿಕೆಗೆ ಜೋತುಬಿದ್ದು ನಿಂತಿದ್ದ ಮಧ್ಯವಯಸ್ಸಿನ ಗೃಹಸ್ಥರೊಬ್ಬರ ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಳ್ಳುತ್ತದೆ. ಹಣೆಯ ಮೇಲೆ ತಣ್ಣನೆಯ ಬೆವರು ಮೂಡುತ್ತದೆ. ಅವರು ಒಮ್ಮೆ ಆಕಳಿಸುತ್ತಾರೆ, ಏನನ್ನೋ ಹೇಳಲು ಬಾಯಿ ತೆರೆಯುತ್ತಾರೆ. ಮಾತು ಹೊರಡುವ ಮೊದಲೇ ಹಿಡಿಕೆಯಿಂದ ಕೈ ಜಾರಿ, ಬುಡ ಕಡಿದ ಬಾಳೆಯ ಗಿಡದಂತೆ ಪಕ್ಕದವರ ಮೇಲೆ ಒರಗುತ್ತಾರೆ.

ಆ ಮೇಲೆ ನಡೆಯುವುದೆಲ್ಲ ಮುಂಬಯಿಯ ಪ್ರಯಾಣಿಕರಿಗೆ ಪರಿಚಿತವೇ. ಒಬ್ಬರು ತಮ್ಮ ಚಪ್ಪಲಿಯನ್ನು ಬಿಚ್ಚಿ ಬಿದ್ದವರ ಮೂಗಿಗೆ ಹಿಡಿಯುತ್ತಾರೆ. ಇನ್ನೊಬ್ಬರು ಬೀಗದ ಕೈಗೊಂಚಲನ್ನು ಅವರ ಮುಷ್ಟಿಯಲ್ಲಿ ತುರುಕುತ್ತಾರೆ. ಮೂರನೆಯವರು ಬಾಟಲಿಯ ನೀರನ್ನು ಬಾಯಿಗೆ ಸುರಿಯುತ್ತಾರೆ. ಉಳಿದವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಅವರನ್ನು ಎತ್ತಿ ಆಸನದ ಮೇಲೆ ನೆಟ್ಟಗೆ ಕೂರಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಗೃಹಸ್ಥರು ಕಣ್ಣು ಬಿಡುತ್ತಾರೆ. ಸುತ್ತ ನೆರೆದ ಮುಖಗಳನ್ನು ಕಂಡು ನಾಚುತ್ತಾರೆ. 'ಏನಿಲ್ಲ, ಏನಿಲ್ಲ' ಎನ್ನುತ್ತ ದಾದರಿನಲ್ಲಿ ಇಳಿದು, ಒಂದು ಲೋಟ ಚಹಾ ಕುಡಿದು, ಮುಂದಿನ ಗಾಡಿ ಹಿಡಿದು ಕಚೇರಿಗೆ ಹೋಗುತ್ತಾರೆ. ಸಂಜೆ ಮನೆಯಲ್ಲಿ ಹೆಂಡತಿಗೂ ಹೇಳುವುದಿಲ್ಲ.

ಈ ಪ್ರಸಂಗದಲ್ಲಿ ನೆರವಾಗಲು ಬಂದವರ ಸದ್ಭಾವನೆಗೆ ಕೊರತೆಯಿರಲಿಲ್ಲ. ಆದರೆ ಅವರು ಮಾಡಿದ ನಾಲ್ಕು ಉಪಚಾರಗಳಲ್ಲಿ ಎರಡು ನಿರುಪಯುಕ್ತ, ಎರಡು ಅಪಾಯಕರ. ಬಿದ್ದವರು ಮಾಡಿದ ತಪ್ಪು ಅದಕ್ಕಿಂತಲೂ ದೊಡ್ಡದು: ಅವರು ಈ ಸಂಗತಿಯನ್ನು ಮುಚ್ಚಿಟ್ಟರು. ಅವರಿಗೆ ಬಂದುದು ಏನೂ ಅಲ್ಲದ ಒಂದು ಸಣ್ಣ ಬವಳಿಯಿರಬಹುದು. ಹೃದಯವು ಕೊಟ್ಟ ಮೊದಲನೆಯ, ಪ್ರಾಯಶಃ ಕೊನೆಯ, ಎಚ್ಚರಿಕೆಯೂ ಆಗಿರಬಹುದು. ಎರಡರ ನಡುವಣ ವ್ಯತ್ಯಾಸವನ್ನು ಅರಿಯುವುದು ವೈದ್ಯರ ಕೆಲಸ. ಆದರೆ ವೈದ್ಯರ ಬಳಿಗೆ ಹೋಗಬೇಕೆಂಬ ವಿವೇಕವೂ, ಹೋಗುವವರೆಗೆ ಮಾಡಬೇಕಾದ ಉಪಚಾರವೂ ಸಾಮಾನ್ಯರಿಗೆ ತಿಳಿದಿರಬೇಕಾದುದು.

ಮೂರ್ಛೆ ಎಂದರೇನು?

ಮೆದುಳಿಗೆ ಹರಿಯುವ ರಕ್ತವು ಕೆಲವು ಕ್ಷಣಗಳ ಕಾಲ ಕಡಿಮೆಯಾಗಿ, ಮನುಷ್ಯನು ಎಚ್ಚರ ತಪ್ಪಿ ಬಿದ್ದು, ಬೇಗನೆ ತಾನಾಗಿಯೇ ಪೂರ್ಣವಾಗಿ ಚೇತರಿಸಿಕೊಳ್ಳುವ ಸ್ಥಿತಿಯನ್ನು ವೈದ್ಯಶಾಸ್ತ್ರದಲ್ಲಿ 'ಸಿಂಕೋಪ್' ಎನ್ನುತ್ತಾರೆ. ನಮ್ಮ ಹಿರಿಯರು ಇದನ್ನು ಬವಳಿ, ಎಚ್ಚರ ತಪ್ಪುವುದು, ಕಣ್ಣು ಕತ್ತಲೆ ಕಟ್ಟುವುದು ಎಂದು ಬಗೆಬಗೆಯಾಗಿ ಕರೆದಿದ್ದಾರೆ. ಈ ವ್ಯಾಖ್ಯೆಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಅದು ಹಠಾತ್ತಾಗಿ ಬರುತ್ತದೆ; ಅಲ್ಪಕಾಲವಿರುತ್ತದೆ; ಔಷಧವಿಲ್ಲದೆಯೇ ತಿಳಿಯಾಗುತ್ತದೆ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಹೋಗುವುದು, ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಇಳಿದು ಮಂಪರು ಕವಿಯುವುದು, ಅಪಸ್ಮಾರ ಇವು ಹೊರನೋಟಕ್ಕೆ ಮೂರ್ಛೆಯನ್ನೇ ಹೋಲಿದರೂ ಬೇರೆಯ ಜಾತಿಯವು.

ಮೆದುಳಿನ ದಿನದ ಲೆಕ್ಕ

ಮನುಷ್ಯನ ಮೆದುಳಿನ ತೂಕ ಸುಮಾರು 1.4 ಕಿಲೋಗ್ರಾಂ, ಅಂದರೆ ದೇಹದ ತೂಕದ ನೂರರಲ್ಲಿ ಎರಡು ಪಾಲು. ಆದರೆ ದೇಹವು ವಿಶ್ರಾಂತಿಯಲ್ಲಿರುವಾಗ ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಭಾಗ ಇದಕ್ಕೇ ಬೇಕು. ಹೃದಯವು ಒಂದು ನಿಮಿಷದಲ್ಲಿ ಹೊರದೂಡುವ ಸುಮಾರು ಐದು ಲೀಟರ್ ರಕ್ತದಲ್ಲಿ ಮುಕ್ಕಾಲು ಲೀಟರ್ ಈ ಒಂದು ಅಂಗಕ್ಕೇ ಸಂದಾಯವಾಗುತ್ತದೆ. ಇಷ್ಟು ದೊಡ್ಡ ಖರ್ಚಿನ ಈ ಸಂಸಾರದಲ್ಲಿ ಉಳಿತಾಯವೆಂಬುದು ಇಲ್ಲವೇ ಇಲ್ಲ. ಸ್ನಾಯುಗಳು ಮತ್ತು ಯಕೃತ್ತು ಅಷ್ಟಿಷ್ಟು ಸಕ್ಕರೆಯನ್ನು ಠೇವಣಿಯಾಗಿ ಇಟ್ಟುಕೊಳ್ಳಬಲ್ಲವು. ಮೆದುಳು ಮಾತ್ರ ಅಂದಂದಿನ ಜಮೆಯಿಂದಲೇ ಅಂದಂದಿನ ಖರ್ಚು ತೂಗಿಸುವ ಬಡ ಗುಮಾಸ್ತ. ಜಮೆ ನಿಂತ ಹತ್ತು ಸೆಕೆಂಡುಗಳೊಳಗೆ ಅದು ಅಂಗಡಿಯ ಬಾಗಿಲು ಹಾಕುತ್ತದೆ. ಮನುಷ್ಯನು ನೆಲಕ್ಕೆ ಬೀಳುತ್ತಾನೆ.

ಬೀಳುವುದು ಒಂದು ದೃಷ್ಟಿಯಿಂದ ಪ್ರಕೃತಿಯೇ ಮಾಡಿಕೊಟ್ಟ ಚಿಕಿತ್ಸೆ. ನಿಂತಿರುವಾಗ ಮೆದುಳು ಹೃದಯಕ್ಕಿಂತ ಮೇಲಿರುತ್ತದೆ. ರಕ್ತ ಏರುಹಾದಿಯನ್ನು ಹತ್ತಬೇಕು. ಮಲಗಿದಾಗ ತಲೆ, ಎದೆ, ಕಾಲು ಎಲ್ಲವೂ ಒಂದೇ ಮಟ್ಟಕ್ಕೆ ಬಂದು ರಕ್ತ ಸುಲಭವಾಗಿ ತಲೆಗೆ ಹರಿಯುತ್ತದೆ. ಆದುದರಿಂದಲೇ ಬಿದ್ದವರು ಕೆಲವೇ ಕ್ಷಣಗಳಲ್ಲಿ ಕಣ್ಣು ತೆರೆಯುತ್ತಾರೆ. ಅವರನ್ನು ಎತ್ತಿ ಕೂರಿಸಿದವರು, ತಿಳಿಯದೆ, ಪ್ರಕೃತಿಯ ಈ ಚಿಕಿತ್ಸೆಗೆ ಅಡ್ಡಿ ಮಾಡುತ್ತಾರೆ. ಲೋಕಲ್ ಗಾಡಿಯ ನಿಬಿಡತೆಯಲ್ಲಿ ಬೀಳಲೂ ಸ್ಥಳವಿಲ್ಲದೆ ನಿಂತಲ್ಲೇ ಎಚ್ಚರ ತಪ್ಪಿದವರ ಸ್ಥಿತಿ ಇದೇ ಕಾರಣದಿಂದ ಹೆಚ್ಚು ಕಳವಳಕಾರಿ.

ಸಾಮಾನ್ಯ ಮೂರ್ಛೆ

ಮೂರ್ಛೆಗಳಲ್ಲಿ ಅತ್ಯಂತ ಸಾಮಾನ್ಯವಾದುದು 'ವೇಸೋವೇಗಲ್' ಎಂಬ ಬಗೆ. ಬ್ರಿಟನ್ನಿನ ಪ್ರಸಿದ್ಧ ಹೃದಯತಜ್ಞ ಸರ್ ಥಾಮಸ್ ಲೂಯಿಸ್ 1932ರಲ್ಲಿ ಇದನ್ನು ಈ ಹೆಸರಿನಿಂದ ವಿವರಿಸಿದರು. ಹೆಸರಿನಲ್ಲಿಯೇ ಅರ್ಥವಿದೆ. 'ವೇಸೋ' ಎಂದರೆ ರಕ್ತನಾಳ. 'ವೇಗಸ್' ಎಂಬುದು ಮೆದುಳಿನಿಂದ ಹೊರಟು ಹೃದಯಾದಿ ಅಂಗಗಳನ್ನು ತಲುಪುವ, ಹೃದಯದ ಬಡಿತಕ್ಕೆ ಕಡಿವಾಣ ಹಾಕುವ ನರ. ನೋವು, ಭಯ, ರಕ್ತದ ದರ್ಶನ, ಸೂಜಿಯ ಚುಚ್ಚು, ಉಸಿರುಗಟ್ಟಿಸುವ ಸೆಕೆ, ದೀರ್ಘಕಾಲ ನಿಂತಿರುವುದು ಇಂಥ ಯಾವುದಾದರೂ ಕಾರಣದಿಂದ ನರಮಂಡಲವು ತಪ್ಪು ಆಜ್ಞೆಯೊಂದನ್ನು ಹೊರಡಿಸುತ್ತದೆ. ಕಾಲು ಮತ್ತು ಹೊಟ್ಟೆಯ ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ. ಅದೇ ಹೊತ್ತಿಗೆ ಹೃದಯದ ಬಡಿತ ಮಂದವಾಗುತ್ತದೆ. ರಕ್ತದೊತ್ತಡ ಕುಸಿದು ಮೆದುಳಿನ ಜಮೆ ನಿಲ್ಲುತ್ತದೆ.

ಇದು ದುರ್ಬಲರ ರೋಗವೆಂದೂ, ಹೆಂಗಸರ ಸ್ವಭಾವವೆಂದೂ ತಿಳಿಯುವುದು ತಪ್ಪು. 2023ರ ಜೂನ್ 10ರಂದು ಲಂಡನ್ನಿನಲ್ಲಿ ರಾಜರ ಹುಟ್ಟುಹಬ್ಬದ ಕವಾಯತಿನ ಪೂರ್ವಾಭ್ಯಾಸ ನಡೆಯಿತು. ಉಣ್ಣೆಯ ಸಮವಸ್ತ್ರ, ಕರಡಿಯ ತುಪ್ಪಳದ ಟೋಪಿ ಧರಿಸಿ ಸುಮಾರು 30 ಡಿಗ್ರಿ ಬಿಸಿಲಿನಲ್ಲಿ ಅಲುಗಾಡದೆ ನಿಂತ ಕಟ್ಟುಮಸ್ತಾದ ಸೈನಿಕರಲ್ಲಿ ಕೆಲವರು ಎಲ್ಲರ ಕಣ್ಣೆದುರಿಗೇ ಕುಸಿದರು. ಅವರಲ್ಲಿ ಕಹಳೆಯಂಥ ವಾದ್ಯ ನುಡಿಸುತ್ತಿದ್ದ ಒಬ್ಬರು ಎದ್ದು ಮತ್ತೆ ನುಡಿಸಲು ಯತ್ನಿಸಿದರು. ಕಾರಣ ಸರಳ. ನಡೆಯುವಾಗ ಕಾಲಿನ ಮೀನಖಂಡಗಳು ಹಿಂಡಿಕೊಂಡು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅವು ಹೃದಯದ ಎರಡನೆಯ ಪಂಪಿದ್ದಂತೆ. ಅಲುಗಾಡದೆ ನಿಂತವನಲ್ಲಿ ಆ ಪಂಪು ಕೆಲಸ ಮಾಡುವುದಿಲ್ಲ. 2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಬ್ಯಾಂಕುಗಳ ಮುಂದೆ ಗಂಟೆಗಟ್ಟಲೆ ಸಾಲುಗಟ್ಟಿ ನಿಂತವರಲ್ಲಿ, ವಿಶೇಷವಾಗಿ ವೃದ್ಧರಲ್ಲಿ, ಹಲವರು ಕುಸಿದುಬಿದ್ದುದನ್ನು ಓದುಗರು ಮರೆತಿರಲಾರರು.

ಮಹಾನಗರದ ಜೀವನಕ್ರಮವು ಈ ಮೂರ್ಛೆಗೆ ಹಾಸಿಗೆ ಹಾಸಿಕೊಟ್ಟಂತಿದೆ. ನಸುಕಿನಲ್ಲಿ ಏಳುವುದು, ಒಂದು ಲೋಟ ಚಹಾದ ಮೇಲೆ ಮನೆ ಬಿಡುವುದು, 'ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ' ಎಂದು ನೀರನ್ನೇ ಕುಡಿಯದಿರುವುದು, ಆ ಮೇಲೆ ಒಂದು ಗಂಟೆ ಗಾಳಿಯಾಡದ ಡಬ್ಬಿಯಲ್ಲಿ ನಿಂತು ಪ್ರಯಾಣ. ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಲ್ಲಿ ಇದರ ಜೊತೆಗೆ ರಕ್ತಹೀನತೆ, ಸೋಮವಾರ ಶನಿವಾರಗಳ ಒಪ್ಪೊತ್ತು, ನವರಾತ್ರಿಯ ಉಪವಾಸಗಳೂ ಸೇರುತ್ತವೆ. ವ್ರತವನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ನಿರ್ಜಲ ವ್ರತವನ್ನೂ ಎಂಟು ಇಪ್ಪತ್ತರ ಗಾಡಿಯನ್ನೂ ಒಂದೇ ದಿನ ನಿಭಾಯಿಸುವುದು ದೇಹಕ್ಕೆ ಕಷ್ಟ.

ಈ ಬಗೆಯ ಮೂರ್ಛೆ ಸಾಮಾನ್ಯವಾಗಿ ಹೇಳಿಯೇ ಬರುತ್ತದೆ. ಹೊಟ್ಟೆ ತೊಳಸುವುದು, ಆಕಳಿಕೆ, ಮೈ ಬಿಸಿಯೇರಿ ಆ ಮೇಲೆ ತಣ್ಣನೆಯ ಬೆವರು, ಕಿವಿಯಲ್ಲಿ ಗುಂಯ್‌ಗುಡುವಿಕೆ, ದೃಷ್ಟಿ ಮಸುಕಾಗಿ ಅಂಚುಗಳಿಂದ ಕತ್ತಲೆ ಕವಿಯುವುದು ಇವೇ ಅದರ ದೂತರು. ದೂತರು ಬಂದ ಮೇಲೆ ದೊರೆ ಬರುವವರೆಗೆ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳ ಅವಕಾಶವಿರುತ್ತದೆ. ಆ ಅವಕಾಶದಲ್ಲಿ ಕೂತರೆ ಅಥವಾ ಮಲಗಿದರೆ ಬೀಳುವುದು ತಪ್ಪುತ್ತದೆ. 'ತಾಳಿದವನು ಬಾಳಿಯಾನು' ಎಂಬ ಗಾದೆ ಇಲ್ಲಿ ಸಲ್ಲದು. ನಾಲ್ಕು ಜನ ಏನೆಂದಾರೋ ಎಂಬ ಸಂಕೋಚದಿಂದ ತಾಳಿಕೊಂಡು ನಿಂತವರೇ ತಲೆ ಒಡೆದುಕೊಳ್ಳುತ್ತಾರೆ.

ಎದ್ದು ನಿಂತಾಗ ಬರುವ ಮೂರ್ಛೆ

ಮಲಗಿದವರು ಎದ್ದು ನಿಂತೊಡನೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಭಾಗಕ್ಕೆ ಇಳಿಯುತ್ತದೆ. ಕತ್ತಿನ ಧಮನಿಯಲ್ಲಿಯೂ ಮಹಾಧಮನಿಯ ಕಮಾನಿನಲ್ಲಿಯೂ ಇರುವ ಒತ್ತಡಗ್ರಾಹಕಗಳು ಇದನ್ನು ಆ ಕ್ಷಣವೇ ಅರಿತು, ರಕ್ತನಾಳಗಳನ್ನು ಬಿಗಿಗೊಳಿಸಿ, ಬಡಿತವನ್ನು ಹೆಚ್ಚಿಸಿ ಸರಿದೂಗಿಸುತ್ತವೆ. ವಯಸ್ಸಾದಂತೆ ಈ ಕಾವಲುಗಾರರು ಮಂದರಾಗುತ್ತಾರೆ. ಎದ್ದು ನಿಂತ ಮೂರು ನಿಮಿಷಗಳೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದನ್ನು ವೈದ್ಯರು ದೋಷವೆಂದು ಎಣಿಸುತ್ತಾರೆ.

ಊರಿನಿಂದ ಮಗನ ಮನೆಗೆ ಬಂದಿರುವ ವೃದ್ಧ ತಂದೆತಾಯಿಯರ ವಿಷಯದಲ್ಲಿ ಇದನ್ನು ಮುಖ್ಯವಾಗಿ ನೆನಪಿಡಬೇಕು. ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು, ಹಳೆಯ ಮಧುಮೇಹ ಇವೆಲ್ಲ ಎದ್ದು ನಿಂತಾಗ ಒತ್ತಡ ಇಳಿಯಲು ಕಾರಣವಾಗಬಲ್ಲವು. ಒಬ್ಬ ವೈದ್ಯರು ಊರಿನಲ್ಲಿ ಬರೆದುಕೊಟ್ಟುದು, ಇನ್ನೊಬ್ಬರು ಇಲ್ಲಿ ಬರೆದುಕೊಟ್ಟುದು, ಎರಡೂ ಸೇರಿ ಒಂದೇ ಕೆಲಸದ ಎರಡು ಮಾತ್ರೆಗಳನ್ನು ನುಂಗುತ್ತಿರುವ ಹಿರಿಯರು ನಮ್ಮಲ್ಲಿ ಅಪರೂಪವಲ್ಲ. ರಾತ್ರಿ ಮೂತ್ರವಿಸರ್ಜನೆಗೆಂದು ಬೆಚ್ಚಗಿನ ಹಾಸಿಗೆಯಿಂದ ದಿಢೀರನೆ ಎದ್ದುಹೋದ ಅಜ್ಜ ಬಚ್ಚಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂಬ ಸುದ್ದಿಯ ಹಿಂದೆ ಎಷ್ಟೋ ವೇಳೆ ಈ ಮೂರ್ಛೆಯೇ ಇರುತ್ತದೆ. 'ಕಾಲು ಜಾರಿತು' ಎಂದು ಮನೆಯವರು ಹೇಳುತ್ತಾರೆ. ಕಾಲು ಜಾರುವ ಮೊದಲು ಎಚ್ಚರ ಜಾರಿತ್ತೇ ಎಂದು ಕೇಳುವವರಿಲ್ಲ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಒಬ್ಬರೇ ವೈದ್ಯರಿಗೆ ತೋರಿಸುವುದು ಇದಕ್ಕೆ ಮೊದಲ ಪರಿಹಾರ. ಆದರೆ ತಾವಾಗಿಯೇ ಮಾತ್ರೆಯನ್ನು ನಿಲ್ಲಿಸಬಾರದು.

ಹೃದಯದ ಎಚ್ಚರಿಕೆ

ಸಾಮಾನ್ಯ ಮೂರ್ಛೆಗಿಂತ ವಿರಳವಾದರೂ ಮೂರನೆಯ ಬಗೆ ಭಯಂಕರವಾದುದು. ಇಲ್ಲಿ ತಪ್ಪು ನಾಳಗಳದಲ್ಲ, ಹೃದಯದ್ದು. ಬಡಿತವು ತೀರ ನಿಧಾನವಾಗಿ ಅಥವಾ ಕೆಲವು ಸೆಕೆಂಡು ನಿಂತುಹೋಗಬಹುದು; ಅತಿವೇಗವಾಗಿ ಓಡಿ ರಕ್ತವನ್ನೇ ಹೊರದೂಡದಿರಬಹುದು; ಮಹಾಧಮನಿಯ ಕವಾಟ ಕಿರಿದಾಗಿ ರಕ್ತಕ್ಕೆ ದಾರಿಯಿಲ್ಲದಾಗಬಹುದು; ಹೃದಯದ ಸ್ನಾಯು ಹುಟ್ಟಿನಿಂದಲೇ ದಪ್ಪಗಾಗುವ ಗುಣವುಳ್ಳದ್ದಿರಬಹುದು.

ಈ ಸಂದರ್ಭದಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬುವರ ಕಥೆ ಸ್ಮರಣೀಯ. ಅವರ ಹೃದಯದಲ್ಲಿ ವಿದ್ಯುತ್ ಸಂದೇಶದ ದಾರಿ ಕಡಿದುಹೋಗಿ ದಿನಕ್ಕೆ ಹತ್ತಾರು ಸಲ ಎಚ್ಚರ ತಪ್ಪುತ್ತಿತ್ತು. ಆಗ ಅದಕ್ಕೆ ಮದ್ದಿರಲಿಲ್ಲ. ಅವರ ಪತ್ನಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಇಬ್ಬರ ಬೆನ್ನು ಹತ್ತಿ ಒತ್ತಾಯಿಸಿದರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ, ಜಗತ್ತಿನಲ್ಲಿ ಮೊದಲ ಬಾರಿಗೆ, ಮನುಷ್ಯನ ಶರೀರದೊಳಗೆ ಪೂರ್ತಿಯಾಗಿ ಅಳವಡಿಸುವ 'ಪೇಸ್‌ಮೇಕರ್' ಯಂತ್ರವನ್ನು ಲಾರ್ಸನ್ನರಿಗೆ ಇಡಲಾಯಿತು. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು, ಇನ್ನೊಂದನ್ನು ಇಟ್ಟರು. ಮುಂದೆ ಒಂದರ ಹಿಂದೆ ಒಂದರಂತೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳ ನೆರವಿನಿಂದ ಅವರು 2001ರವರೆಗೆ, 86 ವರ್ಷ ವಯಸ್ಸಿನವರೆಗೆ, ಬಾಳಿದರು. ತಮ್ಮನ್ನು ಬದುಕಿಸಿದ ವೈದ್ಯರಿಗಿಂತಲೂ ಇಂಜಿನಿಯರರಿಗಿಂತಲೂ ಹೆಚ್ಚು ಕಾಲ ಬಾಳಿದರು. ಅಂದು ಸಾಹಸವೆನಿಸಿದ ಆ ಚಿಕಿತ್ಸೆ ಇಂದು ಭಾರತದ ಎಲ್ಲ ದೊಡ್ಡ ನಗರಗಳಲ್ಲಿಯೂ ನಿತ್ಯದ ಕೆಲಸ.

ಹೃದಯದ ಮೂರ್ಛೆಯನ್ನು ಶಂಕಿಸಲು ಕೆಲವು ಗುರುತುಗಳಿವೆ:

* ಯಾವ ಮುನ್ಸೂಚನೆಯೂ ಇಲ್ಲದೆ, ದೀಪ ಆರಿದಂತೆ, ತಟ್ಟನೆ ಬೀಳುವುದು.
* ಓಡುವಾಗ, ಮೆಟ್ಟಿಲು ಹತ್ತುವಾಗ, ಆಟವಾಡುವಾಗ, ಈಜುವಾಗ ಬೀಳುವುದು.
* ಮಲಗಿದ್ದಾಗ ಅಥವಾ ಕುಳಿತಿದ್ದಾಗಲೇ ಎಚ್ಚರ ತಪ್ಪುವುದು.
* ಬೀಳುವ ಮೊದಲು ಎದೆಬಡಿತ ಹಾರಿದಂತಾಗುವುದು, ಎದೆನೋವು, ಉಸಿರಾಟದ ತೊಂದರೆ.
* ಮೊದಲೇ ಹೃದ್ರೋಗವಿದ್ದವರು; ಮನೆತನದಲ್ಲಿ ಎಳೆಯ ವಯಸ್ಸಿನ ಆಕಸ್ಮಿಕ ಮರಣ ಸಂಭವಿಸಿದವರು.

ಇವುಗಳಲ್ಲಿ ಒಂದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆಗೆ ಮುಂದೂಡಬಾರದು. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಚೆಂಡಿನ ಹತ್ತಿರವೇ ಕುಸಿದುದನ್ನು ಜಗತ್ತೆಲ್ಲ ದೂರದರ್ಶನದಲ್ಲಿ ಕಂಡಿತು. ಅದು ಮೂರ್ಛೆಯಲ್ಲ, ಹೃದಯಸ್ತಂಭನ. ಕೂಡಲೇ ಎದೆಯೊತ್ತಿ, ವಿದ್ಯುತ್ ಆಘಾತ ಕೊಟ್ಟುದರಿಂದ ಅವರು ಉಳಿದರು. ಮರುವರ್ಷ ಮತ್ತೆ ಮೈದಾನಕ್ಕಿಳಿದರು. ನೋಡುವವರ ಕಣ್ಣಿಗೆ ಎರಡೂ ಒಂದೇ, 'ಬಿದ್ದರು' ಅಷ್ಟೆ. ಉಸಿರಾಟವಿದೆಯೇ ಎಂಬ ಒಂದೇ ಪ್ರಶ್ನೆ ಎರಡನ್ನೂ ಬೇರ್ಪಡಿಸುತ್ತದೆ.

ಮೂರ್ಛೆಯೋ, ಅಪಸ್ಮಾರವೋ?

ನಮ್ಮ ಮನೆಗಳಲ್ಲಿ ಮೂರ್ಛೆಯ ಸುತ್ತ ಬೆಳೆದ ದೊಡ್ಡ ಅನರ್ಥವೊಂದಿದೆ. ಹದಿನೇಳು ಹದಿನೆಂಟರ ಹುಡುಗಿ ಉಪವಾಸದ ದಿನ ಪೂಜೆಯ ಧೂಪದ ಹೊಗೆಯಲ್ಲಿ ನಿಂತು ಬವಳಿ ಬಂದು ಬೀಳುತ್ತಾಳೆ. ಬಿದ್ದಾಗ ಕೈಕಾಲು ಎರಡು ಸಲ ಅದುರುತ್ತದೆ. ಕಂಡವರು 'ಫಿಟ್ಸ್' ಎನ್ನುತ್ತಾರೆ. ಕೆಲವರು ದೃಷ್ಟಿ ತಾಗಿತೆನ್ನುತ್ತಾರೆ. ಮಾತು ಬಾಯಿಂದ ಬಾಯಿಗೆ ಹರಡಿ ಊರನ್ನು ತಲುಪುತ್ತದೆ. ಸಂಬಂಧ ಕುದುರಿಸುವ ಹೊತ್ತಿಗೆ ಅದು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅಪಸ್ಮಾರವಿಲ್ಲದವರು ಅದರ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದ ಪ್ರಸಂಗಗಳು ಜಗತ್ತಿನ ಎಲ್ಲೆಡೆಯೂ ಕಂಡುಬಂದಿವೆ.

ಸತ್ಯವೇನೆಂದರೆ ಸಾಮಾನ್ಯ ಮೂರ್ಛೆಯಲ್ಲಿಯೂ ಮೈ ಅದುರುತ್ತದೆ. 1994ರಲ್ಲಿ ಜರ್ಮನಿಯ ವೈದ್ಯರು ಆರೋಗ್ಯವಂತ ಯುವಕ ಯುವತಿಯರಲ್ಲಿ ಕೃತಕವಾಗಿ ಮೂರ್ಛೆ ಬರಿಸಿ ಚಿತ್ರೀಕರಿಸಿದಾಗ, ಪೂರ್ತಿ ಎಚ್ಚರ ತಪ್ಪಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಕೈಕಾಲು ಅದುರಿದುದು ಕಂಡುಬಂದಿತು. ಆದ್ದರಿಂದ ಅದುರಿದೊಡನೆ ಅಪಸ್ಮಾರವೆಂದು ತೀರ್ಪು ಕೊಡಬಾರದು. ಮೂರ್ಛೆಯಲ್ಲಿ ಮುಖ ಬಿಳಿಚುತ್ತದೆ, ಅದುರುವಿಕೆ ಕೆಲವೇ ಸೆಕೆಂಡು, ಎಚ್ಚರ ಬಂದೊಡನೆ ತಾನೆಲ್ಲಿರುವೆನೆಂಬ ಅರಿವು ಬರುತ್ತದೆ. ಅಪಸ್ಮಾರದಲ್ಲಿ ಸೆಟೆತ ಸಾಮಾನ್ಯವಾಗಿ ಒಂದೆರಡು ನಿಮಿಷ ಇರುತ್ತದೆ, ಮುಖ ನೀಲಿಗಟ್ಟಬಹುದು, ನಾಲಿಗೆಯ ಪಕ್ಕ ಕಚ್ಚಿಹೋಗಬಹುದು, ಆ ಮೇಲೆ ಬಹಳ ಹೊತ್ತು ಗಲಿಬಿಲಿ, ನಿದ್ರೆ ಇರುತ್ತದೆ. ಅಂತಿಮ ನಿರ್ಣಯ ವೈದ್ಯರದು. ನಿಜವಾಗಿ ಅಪಸ್ಮಾರವೇ ಆಗಿದ್ದರೂ ಅದು ಕಳಂಕವಲ್ಲ, ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಹಿಂದೂ ವಿವಾಹ ಕಾನೂನಿನಲ್ಲಿ ಮದುವೆಗೆ ಅಡ್ಡಿಯೆಂದು ಸೇರಿದ್ದ ಅಪಸ್ಮಾರದ ಉಲ್ಲೇಖವನ್ನು ಸಂಸತ್ತು 1999ರ ತಿದ್ದುಪಡಿಯಿಂದ ತೆಗೆದುಹಾಕಿತು. ಕಾನೂನು ಬಿಟ್ಟುದನ್ನು ಸಮಾಜವೂ ಬಿಡಬೇಕಾಗಿದೆ.

ಕೂಡಲೇ ಮಾಡಬೇಕಾದುದು

1. ಬೀಳುತ್ತಿರುವವರನ್ನು ಹಿಡಿದು ಮೆಲ್ಲನೆ ನೆಲದ ಮೇಲೆ ಅಂಗಾತ ಮಲಗಿಸಿ. ತಲೆದಿಂಬು ಬೇಡ.

2. ಭುಜ ತಟ್ಟಿ ಮಾತನಾಡಿಸಿ. ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡು ನೋಡಿ. ಉಸಿರಾಟ ಸರಿಯಾಗಿದ್ದು ಪೆಟ್ಟೇನೂ ಬಿದ್ದಿಲ್ಲವಾದರೆ ಕಾಲುಗಳನ್ನು ಒಂದಡಿಯಷ್ಟು ಮೇಲೆತ್ತಿ ಚೀಲದ ಮೇಲೋ ಕುರ್ಚಿಯ ಮೇಲೋ ಇಡಿ.

3. ಕೊರಳಪಟ್ಟಿ, ಟೈ, ನಡುಪಟ್ಟಿಗಳನ್ನು ಸಡಿಲಿಸಿ. ಗುಂಪನ್ನು ಸರಿಸಿ ಗಾಳಿಯಾಡಲು ಬಿಡಿ.

4. ವಾಂತಿಯಾದರೆ ಅಥವಾ ಎಚ್ಚರ ಬರಲು ತಡವಾದರೆ ಪಕ್ಕಕ್ಕೆ ಹೊರಳಿಸಿ. ಗರ್ಭಿಣಿಯರನ್ನು ಎಡಮಗ್ಗುಲಿಗೆ ಮಲಗಿಸಿ.

5. ಗಾಡಿಯಲ್ಲಿ ಮಲಗಿಸಲು ಸ್ಥಳವಿಲ್ಲವೇ? ಬವಳಿ ಬರುವ ಮುನ್ಸೂಚನೆಯಿದ್ದು ಎಚ್ಚರವಿದ್ದವರನ್ನು ಕೂರಿಸಿ ತಲೆಯನ್ನು ಮೊಣಕಾಲುಗಳ ನಡುವೆ ಬಗ್ಗಿಸಲು ಹೇಳಿ. ಎಚ್ಚರ ತಪ್ಪಿದವರಿಗೆ ಸಹಪ್ರಯಾಣಿಕರು ಎದ್ದು ಇಡೀ ಆಸನವನ್ನು ಬಿಟ್ಟುಕೊಡಲಿ. ಎರಡು ನಿಲ್ದಾಣಗಳ ನಡುವೆ ಸರಪಣಿ ಎಳೆದರೆ ಗಾಡಿ ನೆರವೇ ಇಲ್ಲದ ಕಡೆ ನಿಲ್ಲುತ್ತದೆ. ಮುಂದಿನ ನಿಲ್ದಾಣದಲ್ಲಿ ಇಳಿಸಿ ಸ್ಟೇಷನ್ ಮಾಸ್ತರರಿಗೆ ತಿಳಿಸುವುದು ಮೇಲು. ರೈಲ್ವೆಯ ಸಹಾಯವಾಣಿ 139.

6. ಎಚ್ಚರ ಬಂದ ಮೇಲೆ ಹತ್ತು ಹದಿನೈದು ನಿಮಿಷ ಮಲಗಿಯೇ ಇರಲಿ. ಆಮೇಲೆ ಕುಳಿತು, ಚೇತರಿಸಿಕೊಂಡು, ನಂತರ ಏಳಲಿ. ಪೂರ್ತಿ ಎಚ್ಚರವಾದ ಮೇಲೆಯೇ ನೀರು. ಮಧುಮೇಹಿಗಳಾಗಿದ್ದು ನುಂಗಬಲ್ಲರಾದರೆ ಸಕ್ಕರೆ ನೀರು ಕೊಡಿ.

7. ಒಂದೆರಡು ನಿಮಿಷದಲ್ಲಿ ಎಚ್ಚರ ಬಾರದಿದ್ದರೆ, ಎದೆನೋವು, ಮಾತಿನ ತೊದಲು, ಒಂದು ಪಕ್ಕದ ನಿಶ್ಶಕ್ತಿ, ತಲೆಗೆ ಪೆಟ್ಟು ಇದ್ದರೆ 108 ಅಥವಾ 112ಕ್ಕೆ ದೂರವಾಣಿ ಮಾಡಿ.

ಉಸಿರಾಟವೇ ಇಲ್ಲದಿದ್ದರೆ, ಅಥವಾ ಬಿಟ್ಟುಬಿಟ್ಟು ಬರುವ ಏದುಸಿರು ಮಾತ್ರ ಇದ್ದರೆ, ಅದು ಹೃದಯಸ್ತಂಭನವೆಂದೇ ತಿಳಿಯಬೇಕು. ಒಬ್ಬರು ದೂರವಾಣಿ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಮೊಣಕೈ ಮಡಚದೆ, ನಿಮಿಷಕ್ಕೆ 100ರಿಂದ 120 ಸಲದಂತೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಲಿ. ವೈದ್ಯಕೀಯ ನೆರವು ಬರುವವರೆಗೆ ನಿಲ್ಲಿಸಬಾರದು. ದಣಿದರೆ ಮತ್ತೊಬ್ಬರು ಕೈಗೂಡಿಸಲಿ.

ಬಿಸಿಲಿನಲ್ಲಿ ಬಿದ್ದವರ ವಿಷಯದಲ್ಲಿ ಇನ್ನೊಂದು ಎಚ್ಚರ. ಸೆಕೆಯ ಮೂರ್ಛೆ ನೆರಳಿಗೆ ತಂದು ಮಲಗಿಸಿದರೆ ತಿಳಿಯಾಗುತ್ತದೆ. ಆದರೆ ಮೈ ಕೆಂಡದಂತೆ ಸುಡುತ್ತಿದ್ದು, ಮಾತು ಗಲಿಬಿಲಿಯಾಗಿದ್ದರೆ ಅದು ಬಿಸಿಲಿನ ಹೊಡೆತ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರದ ಬಯಲಿನಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭದಲ್ಲಿ ಇದೇ ಹೊಡೆತಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅಂಥವರ ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಮಾಡಬಾರದುದು

ಎಚ್ಚರ ತಪ್ಪಿದವರ ಬಾಯಿಗೆ ನೀರು, ಹಾಲು, ಚಹಾ, ಔಷಧ ಯಾವುದನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಬಹುದು. ಹಲ್ಲುಗಳ ನಡುವೆ ಚಮಚ ತುರುಕಬಾರದು. ಎತ್ತಿ ಕೂರಿಸಬಾರದು, ನಿಲ್ಲಿಸಬಾರದು. ಕೆನ್ನೆಗೆ ಹೊಡೆಯಬಾರದು. ಚಪ್ಪಲಿ, ಈರುಳ್ಳಿ, ಕಬ್ಬಿಣದ ಕೀಲಿಕೈಗಳಿಂದ ಪ್ರಯೋಜನವಿಲ್ಲ. ಚಪ್ಪಲಿ ಹಿಡಿದೊಡನೆ ಎಚ್ಚರ ಬಂದಂತೆ ಕಾಣುವುದೇನೋ ನಿಜ. ಆದರೆ ಅದು ಹಿಡಿಯದಿದ್ದರೂ ಬರುತ್ತಿದ್ದ ಎಚ್ಚರವೇ. ಕೀರ್ತಿ ಮಾತ್ರ ಚಪ್ಪಲಿಗೆ ಸಂದಿತು.

ತಡೆಯುವ ಬಗೆ

ಬೆಳಗಿನ ಉಪಾಹಾರವಿಲ್ಲದೆ ಮನೆ ಬಿಡಬಾರದು. ಎರಡು ಇಡ್ಲಿ ಇಲ್ಲವೇ ಒಂದು ಬಟ್ಟಲು ಅವಲಕ್ಕಿಯಾದರೂ ಸಾಕು. ನೀರನ್ನು ಧಾರಾಳವಾಗಿ ಕುಡಿಯಬೇಕು. ಸಂಘಗಳು ನಡೆಸುವ ರಕ್ತದಾನ ಶಿಬಿರಗಳಲ್ಲಿ ದಾನಕ್ಕೆ ಮೊದಲು ಅರ್ಧ ಲೀಟರ್ ನೀರು ಕುಡಿಸಿ, ದಾನದ ಬಳಿಕ ಸ್ವಲ್ಪ ಹೊತ್ತು ಮಲಗಿಸಿದರೆ ಬವಳಿ ಬರುವುದು ಬಹಳಮಟ್ಟಿಗೆ ತಪ್ಪುತ್ತದೆ. ನಿಂತಲ್ಲೇ ನಿಲ್ಲಬೇಕಾದಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಬೇಕು. ಮುನ್ಸೂಚನೆ ಕಂಡು, ಕೂರಲು ಎಡೆಯಿಲ್ಲದಿದ್ದರೆ, ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡವಾಗಿಟ್ಟು ತೊಡೆಗಳನ್ನು ಬಿಗಿಹಿಡಿಯುವುದು, ಎರಡೂ ಕೈಗಳ ಬೆರಳುಗಳನ್ನು ಕೊಂಡಿ ಹಾಕಿ ಬಲವಾಗಿ ಎಳೆಯುವುದು ರಕ್ತದೊತ್ತಡವನ್ನು ಆ ಕ್ಷಣಕ್ಕೆ ಏರಿಸುತ್ತದೆ. ಇದು ಪರೀಕ್ಷೆಗಳಿಂದ ಸಿದ್ಧವಾದ ಉಪಾಯ. ಹಿರಿಯರು ಹಾಸಿಗೆಯಲ್ಲಿ ಎದ್ದು ಕುಳಿತು, ಕಾಲಾಡಿಸಿ, ಒಂದು ನಿಮಿಷ ಕಳೆದು ನಿಲ್ಲಬೇಕು. ರಾತ್ರಿ ಗಂಡಸರೂ ಕುಳಿತೇ ಮೂತ್ರ ಮಾಡುವುದು ಕ್ಷೇಮ. ಬಚ್ಚಲಿನ ಅಗುಳಿಯನ್ನು ಒಳಗಿನಿಂದ ಹಾಕದಿರುವುದು ಇನ್ನೂ ಕ್ಷೇಮ.

ವೈದ್ಯರು ಬಹುಪಾಲು ಸಂದರ್ಭಗಳಲ್ಲಿ ಮೂರು ಸರಳ ಸಂಗತಿಗಳಿಂದಲೇ ಕಾರಣವನ್ನು ಹುಡುಕುತ್ತಾರೆ: ನಡೆದುದರ ವಿವರ, ಮಲಗಿದಾಗ ಮತ್ತು ನಿಂತಾಗಿನ ರಕ್ತದೊತ್ತಡ, ಇ.ಸಿ.ಜಿ. ಸಂದೇಹ ಉಳಿದರೆ ರೋಗಿಯನ್ನು ಹಲಗೆಗೆ ಕಟ್ಟಿ ಓರೆಯಾಗಿ ನಿಲ್ಲಿಸುವ ಪರೀಕ್ಷೆಯಿದೆ. ಕಾರಣ ತಿಳಿಯದ ಮೂರ್ಛೆಗೆ ಅದರ ಉಪಯೋಗವನ್ನು ಲಂಡನ್ನಿನ ವೈದ್ಯರು 1986ರಲ್ಲಿ ತೋರಿಸಿಕೊಟ್ಟರು. ಆದರೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಮೊದಲನೆಯದು. ಬಿದ್ದವರಿಗೆ ತಾವು ಬಿದ್ದುದೇ ಗೊತ್ತಿರುವುದಿಲ್ಲ. ನೋಡಿದವರ ಮಾತೇ ಆ ಲೆಕ್ಕಕ್ಕೆ ವೋಚರು. ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಮುಖದ ಬಣ್ಣವೇನಿತ್ತು, ನಿಂತಿದ್ದರೋ ಕುಳಿತಿದ್ದರೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬಿದ್ದವರ ಜೇಬಿನಲ್ಲಿಟ್ಟ ಅಪರಿಚಿತ ಸಹಪ್ರಯಾಣಿಕನು, ಚಪ್ಪಲಿ ಹಿಡಿದವನಿಗಿಂತ ನೂರುಪಾಲು ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ.

ದಾದರಿನಲ್ಲಿ ಚಹಾ ಕುಡಿದು ಕಚೇರಿಗೆ ಹೋದ ಆ ಗೃಹಸ್ಥರ ಕಥೆ ಇಲ್ಲಿಗೆ ಮುಗಿಯಬಾರದು. ಊರು ಬಿಟ್ಟು ಬಂದವರಿಗೆ ಕಾಯಿಲೆಯನ್ನು ಮುಚ್ಚಿಡುವ ಅಭ್ಯಾಸ ಒಂದು ಸ್ವಭಾವವೇ ಆಗಿಬಿಟ್ಟಿದೆ. ರಜೆ ಹಾಕಿದರೆ ಸಂಬಳ ಹೋದೀತು, ಹೇಳಿದರೆ ಮನೆಯವರು ಹೆದರಿಯಾರು, ಊರಿಗೆ ಸುದ್ದಿ ಮುಟ್ಟಿದರೆ ತಾಯಿ ಊಟ ಬಿಟ್ಟಾಳು ಎಂಬ ಚಿಂತೆ. ಆದರೆ ನಾಲ್ಕು ಜನರ ಅನ್ನಕ್ಕೆ ಆಧಾರವಾದ ಜೀವವು ತನ್ನೊಬ್ಬನದಲ್ಲ. ಅಂದು ಸಂಜೆ ಅವರು ಹೆಂಡತಿಯನ್ನು ಕರೆದು 'ಇವತ್ತು ಗಾಡಿಯಲ್ಲಿ ಹೀಗಾಯಿತು' ಎಂದು ಹೇಳಲಿ. ಮರುದಿನ ಅರ್ಧ ದಿನದ ರಜೆ ಹಾಕಿ ಒಂದು ಇ.ಸಿ.ಜಿ. ತೆಗೆಸಿಕೊಳ್ಳಲಿ. ಏನೂ ಇಲ್ಲವೆಂದಾದರೆ ಕಳೆದುಕೊಂಡುದು ಅರ್ಧ ದಿನ. ಏನಾದರೂ ಇದ್ದರೆ ಗಳಿಸಿಕೊಂಡುದು ಒಂದು ಬಾಳು.